ಸ್ಪೀಕರ್ ಸ್ಟ್ಯಾಂಡಿಗೆ ಎಷ್ಟು ದುಡ್ಡು?

ಸಿ.ವಿ. ರಾಮನ್ ನಗರ, ಕಗ್ಗದಾಸಪುರ, ಮಲ್ಲೇಶಪಾಳ್ಯದ ಬಾಡಿಗೆ ಮನೆಗಳಲ್ಲಿ ಎರಡನೇ ಬೆಡ್‌ರೂಮಿಗೆ ಈಗ ಎರಡೆರಡು ಕೆಲಸ. ಹಗಲು ಬಾಗ್ಮನೆ ಟೆಕ್ ಪಾರ್ಕಿನ ಕಂಪನಿಯ ಕೆಲಸ, ರಾತ್ರಿ ಅದೇ ಮೇಜಿನ ಮೇಲೆ ಹಾಡಿನ ಮಿಕ್ಸಿಂಗ್, ಪಾಡ್‌ಕಾಸ್ಟ್, ಕಿರುಚಿತ್ರದ ಡಬ್ಬಿಂಗ್. ಇಂಥ ಕೋಣೆಗೆ ಖರ್ಚಿನ ಪಟ್ಟಿ ಬರೆಯುವಾಗ ಇಂಟರ್‌ಫೇಸು, ಮೈಕು, ಮಾನಿಟರ್ ಸ್ಪೀಕರು ಮೇಲಿನ ಸಾಲುಗಳಲ್ಲಿ ಬಂದು ಕೂರುತ್ತವೆ. ಸ್ಟ್ಯಾಂಡು ಕೊನೆಯ ಸಾಲಿಗೆ ಜಾರಿ, ಬಜೆಟ್ ಮುಗಿದಾಗ ಅಲ್ಲಿಂದಲೂ ಉದುರಿಹೋಗುತ್ತದೆ. ನಾನು ಹೇಳುವುದು ಇಷ್ಟು: ಮೂವತ್ತು ಸಾವಿರದ ಸ್ಪೀಕರ್ ಜೊತೆಗೆ ಇನ್ನೊಂದು ಹತ್ತು ಸಾವಿರ ಸೇರಿಸಿ ದೊಡ್ಡ ಮಾಡೆಲ್ ತರುವ ಮೊದಲು, ನಾಲ್ಕು ಸಾವಿರದಷ್ಟನ್ನು ಸ್ಟ್ಯಾಂಡಿಗೆ ಹಾಕಿ. ಅದಕ್ಕಿಂತ ಬಹಳ ಹೆಚ್ಚು ಹಾಕಲೂಬೇಡಿ. ಈ ಎರಡು ಮಾತಿಗೂ ಆಧಾರ ಒಂದೇ: ಸ್ಟ್ಯಾಂಡಿನಿಂದ ಸಿಗುವ ಲಾಭದಲ್ಲಿ ಬಹುಪಾಲು ಬರುವುದು ಸ್ಪೀಕರ್ ಎಲ್ಲಿ, ಎಷ್ಟು ಎತ್ತರದಲ್ಲಿ ನಿಂತಿದೆ ಎಂಬುದರಿಂದ. ಎತ್ತರಕ್ಕೆ ಬ್ರ್ಯಾಂಡ್ ಇಲ್ಲ.

ಮೇಜಿನ ಮೇಲೆ ಸ್ಪೀಕರ್ ಇಟ್ಟಾಗ ಏನಾಗುತ್ತದೆ ಎಂಬುದನ್ನು ಟೇಪು ಹಿಡಿದು ಲೆಕ್ಕ ಹಾಕಬಹುದು. ವೂಫರ್ ಮೇಜಿನಿಂದ 15 ಸೆಂ.ಮೀ. ಮೇಲಿದೆ, ನಿಮ್ಮ ಕಿವಿ ಮೇಜಿನಿಂದ 40 ಸೆಂ.ಮೀ. ಮೇಲಿದೆ, ನಡುವೆ 1 ಮೀಟರ್ ಅಂತರ ಎಂದಿಟ್ಟುಕೊಳ್ಳಿ. ಶಬ್ದ ನೇರವಾಗಿ ಬರುವ ದಾರಿ ಸುಮಾರು 103 ಸೆಂ.ಮೀ., ಮೇಜಿಗೆ ಬಡಿದು ಪುಟಿದು ಬರುವ ದಾರಿ 114 ಸೆಂ.ಮೀ. ಈ 11 ಸೆಂ.ಮೀ. ವ್ಯತ್ಯಾಸ ಯಾವ ಅಲೆಯ ಅರ್ಧದಷ್ಟಿದೆಯೋ ಆ ಅಲೆ, ಅಂದರೆ 1,500 ಹರ್ಟ್ಜ್ ಆಸುಪಾಸಿನದು, ಉಬ್ಬಿನ ಮೇಲೆ ತಗ್ಗು ಬಿದ್ದಂತೆ ತನ್ನನ್ನೇ ಕಡಿದುಕೊಂಡು ಕಿವಿಗೆ ಬಡಕಲಾಗಿ ಮುಟ್ಟುತ್ತದೆ. ಇನ್ನೂ ಕೆಳಗಿನ ಶಬ್ದಗಳಿಗೆ ಮೇಜು ಇದಕ್ಕೆ ವಿರುದ್ಧವಾದದ್ದನ್ನು ಮಾಡುತ್ತದೆ, ಅವುಗಳನ್ನು ಉಬ್ಬಿಸುತ್ತದೆ. ಜೆನೆಲೆಕ್ ಕಂಪನಿ ತನ್ನ ಕೆಲವು ಸ್ಪೀಕರುಗಳ ಹಿಂಬದಿಯಲ್ಲಿ ಮೇಜಿನ ಮೇಲೆ ಇಡುವವರಿಗಾಗಿಯೇ ಒಂದು ಸ್ವಿಚ್ ಕೊಟ್ಟಿದೆ. ಅದನ್ನು ಹಾಕಿದರೆ 160 ಹರ್ಟ್ಜ್ ಸುತ್ತ 4 ಡೆಸಿಬೆಲ್ ಇಳಿಯುತ್ತದೆ. ಮೇಜು ಶಬ್ದವನ್ನು ಕೆಡಿಸುತ್ತದೆ ಎಂಬುದನ್ನು ಸ್ಪೀಕರ್ ಮಾಡುವವರೇ ಒಪ್ಪಿಕೊಂಡಿದ್ದಾರೆ ಎನ್ನಲು ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಸಿ.ವಿ. ರಾಮನ್ ನಗರಕ್ಕೆ ಯಾರ ಹೆಸರಿದೆಯೋ ಅವರ ಕೆಲಸವನ್ನು ಇಲ್ಲಿ ನೆನೆಯಲೇಬೇಕು. ರಾಮನ್ ಎಂದರೆ ಬೆಳಕಿನ ಚದುರುವಿಕೆ, 1930ರ ನೊಬೆಲ್ ಎಂದಷ್ಟೇ ನಮಗೆ ನೆನಪು. ಆದರೆ ಅವರು ಪಿಟೀಲಿನ ತಂತಿಯನ್ನೂ ಮೃದಂಗ, ತಬಲಾಗಳ ಚರ್ಮವನ್ನೂ ವರ್ಷಗಟ್ಟಲೆ ಅಭ್ಯಾಸ ಮಾಡಿದವರು. ಭಾರತದ ಚರ್ಮವಾದ್ಯಗಳ ಕುರಿತ ಅವರ ವಿಸ್ತಾರವಾದ ಲೇಖನ 1934ರದು, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿದ್ದ ಕಾಲದ್ದು. ಸಾಮಾನ್ಯ ಡೋಲಿನ ಚರ್ಮದ ಕಂಪನಗಳು ಒಂದಕ್ಕೊಂದು ಹೊಂದುವುದಿಲ್ಲ. ಮೃದಂಗದ ಕರಣೆ, ಅಂದರೆ ಚರ್ಮದ ನಡುವಿನ ಕಪ್ಪು ಲೇಪ, ಅದಕ್ಕೆ ಭಾರ ಕೊಟ್ಟು, ಮೂಲ ಕಂಪನದ ಎರಡು, ಮೂರು, ನಾಲ್ಕು, ಐದು ಪಟ್ಟಿನ ಕಂಪನಗಳನ್ನು ಸಾಲಾಗಿ ಹೊಂದಿಸಿಬಿಡುತ್ತದೆ ಎಂದು ಅವರು ತೋರಿಸಿದರು. ಮೂಲ ಕಂಪನ 300 ಹರ್ಟ್ಜ್ ಎಂದಿಟ್ಟುಕೊಂಡರೆ ಐದನೆಯದು 1,500. ಮೇಜು ನುಂಗುವುದು ಅದನ್ನೇ. ನಾದ ಮಂಕಾಗಿ ಕೇಳಿತೆಂದು ಮಿಕ್ಸಿಂಗಿನಲ್ಲಿ ಆ ಜಾಗವನ್ನು ಏರಿಸಿದರೆ, ಅದೇ ಟ್ರ್ಯಾಕು ಬೇರೆಯವರ ಕಾರಿನಲ್ಲಿ, ಫೋನಿನಲ್ಲಿ ಕಿವಿಗೆ ಚುಚ್ಚುತ್ತದೆ. ಆಮೇಲೆ ಮತ್ತೆ ಮಿಕ್ಸಿಂಗು. ದುಡಿಮೆಗೆ ಗಂಟೆಗೆ ಇಷ್ಟೆಂದು ಬೆಲೆ ಕಟ್ಟುವವರು ಸ್ಟ್ಯಾಂಡಿನ ಖರ್ಚನ್ನು ಈ ಮರುಕೆಲಸದ ಗಂಟೆಗಳ ಪಕ್ಕದಲ್ಲಿಟ್ಟು ತೂಗಬೇಕು.

ಹಾಗಾದರೆ ಸ್ಟ್ಯಾಂಡ್ ತಂದ ಕೂಡಲೇ ಮೇಜಿನ ಕಾಟ ಹೋಗುತ್ತದೆಯೇ? ಹೋಗುವುದಿಲ್ಲ, ಮತ್ತು ಮಾರುವವರು ಇದನ್ನು ಹೇಳುವುದೂ ಇಲ್ಲ. ಅಗಲವಾದ ಮೇಜನ್ನು ಹಾಗೆಯೇ ಬಿಟ್ಟು ಅದರ ಹಿಂದೆ ಸ್ಟ್ಯಾಂಡ್ ನಿಲ್ಲಿಸಿದರೆ ಶಬ್ದ ಪುಟಿಯುವ ಜಾಗ ಮೇಜಿನ ನಡುಭಾಗಕ್ಕೆ ಸರಿಯುತ್ತದೆ, ಅಷ್ಟೇ. ಸ್ಟ್ಯಾಂಡಿನ ನಿಜವಾದ ಉಪಕಾರ ಎಂದರೆ ಸ್ಪೀಕರ್ ಹೊರುವ ಕೆಲಸದಿಂದ ಮೇಜಿಗೆ ಬಿಡುಗಡೆ ಕೊಡುವುದು. ಆಗ ಮೇಜು ಚಿಕ್ಕದಾಗಬಹುದು. ಸ್ಪೀಕರ್ ಕಿವಿಯಿಂದ ನಾಲ್ಕಡಿ ಮುಂದೆ, ಕಿವಿಯ ಮಟ್ಟದಲ್ಲೇ ಇದ್ದರೆ ಶಬ್ದ ಪುಟಿಯಬೇಕಾದ್ದು ಎರಡಡಿ ಮುಂದೆ. ಒಂದೂವರೆ ಅಡಿ ಆಳದ ಮೇಜನ್ನು ಮೈಗೆ ಹತ್ತಿರ ಎಳೆದುಕೊಂಡು ಕೂತರೆ ಆ ಜಾಗದಲ್ಲಿ ಮೇಜೇ ಇರುವುದಿಲ್ಲ. ಟ್ವೀಟರು ಕಿವಿಯ ಮಟ್ಟಕ್ಕೆ ಬರುವುದೂ ಸಣ್ಣ ಲಾಭವೇನಲ್ಲ, ಏಕೆಂದರೆ ಟ್ವೀಟರು ಮತ್ತು ವೂಫರು ಕೆಲಸ ಹಂಚಿಕೊಳ್ಳುವ ಶಬ್ದಗಳು ಕಿವಿ ಮೇಲೆ ಕೆಳಗೆ ಸರಿದರೆ ಬೇಗ ಕೆಡುತ್ತವೆ. ಎರಡು ಸ್ಪೀಕರುಗಳ ನಡುವಿನ ಅಂತರವನ್ನೂ ಇನ್ನು ಮೇಜಿನ ಉದ್ದ ತೀರ್ಮಾನಿಸುವುದಿಲ್ಲ.

ಆ ದುಡ್ಡನ್ನು ದೊಡ್ಡ ಸ್ಪೀಕರಿಗೇ ಹಾಕಬಾರದೇಕೆ ಎಂಬ ಪ್ರಶ್ನೆ ಸಹಜ. ಮೇಲಿನ ಲೆಕ್ಕವನ್ನು ಇನ್ನೊಮ್ಮೆ ನೋಡಿ: ಅದರಲ್ಲಿ ಸ್ಪೀಕರಿನ ಬೆಲೆ ಎಲ್ಲೂ ಬರಲಿಲ್ಲ. ಗೋಡೆಯ ಲೆಕ್ಕವೂ ಹಾಗೆಯೇ. ಸ್ಪೀಕರಿನ ಮುಖ ಹಿಂದಿನ ಗೋಡೆಯಿಂದ 30 ಸೆಂ.ಮೀ. ದೂರವಿದ್ದರೆ 286 ಹರ್ಟ್ಜ್ ಸುತ್ತ, 60 ಸೆಂ.ಮೀ. ಇದ್ದರೆ 143 ಹರ್ಟ್ಜ್ ಸುತ್ತ ತಗ್ಗು ಬೀಳುತ್ತದೆ. ಐದು ಇಂಚಿನ ವೂಫರಿಗೂ ಎಂಟು ಇಂಚಿನದಕ್ಕೂ ಇದು ಒಂದೇ. ಹತ್ತಡಿ, ಹನ್ನೊಂದಡಿ ಕೋಣೆಯಲ್ಲಿ ಸ್ಪೀಕರನ್ನು ಗೋಡೆಯಿಂದ ಮೀಟರುಗಟ್ಟಲೆ ಎಳೆಯಲು ಜಾಗವಿಲ್ಲ, ಆದ್ದರಿಂದ ಹತ್ತಿರವೇ ಇಡುವುದು ಜಾಣತನ: ತಗ್ಗು ಮೇಲಿನ ಶಬ್ದಕ್ಕೆ ಏರುತ್ತದೆ, ಅದನ್ನು ನಾಲ್ಕು ಇಂಚು ದಪ್ಪದ ರಾಕ್‌ವೂಲ್ ಹೀರಬಲ್ಲದು. ಗೋಡೆಯಿಂದ ಹೆಚ್ಚಾಗುವ ಬೇಸನ್ನು ಇಳಿಸಲು ಯಮಾಹಾ ಎಚ್‌ಎಸ್5ರಂಥ ಸ್ಪೀಕರಿನ ಹಿಂದೆಯೇ 2 ಮತ್ತು 4 ಡೆಸಿಬೆಲ್ ಇಳಿಸುವ ಸ್ವಿಚ್ ಇದೆ. ಅದಕ್ಕೆ ಆಗಲೇ ದುಡ್ಡು ಕೊಟ್ಟಾಗಿದೆ, ಬಳಸಿ.

ಇನ್ನು ಎಷ್ಟು ಕೊಡಬೇಕು ಎಂಬುದು. ಸ್ಟ್ಯಾಂಡಿಗೆ ಬೇಕಾದ ಗುಣ ಮೂರೇ: ಸರಿಯಾದ ಎತ್ತರ, ಅಲುಗದ ಬುಡ, ಕಂಪಿಸದ ಕಂಬ. ಕುರ್ಚಿಯಲ್ಲಿ ಕೂತಾಗ ಕಿವಿ ನೆಲದಿಂದ 115 ಸೆಂ.ಮೀ., ಸ್ಪೀಕರಿನ ತಳದಿಂದ ಟ್ವೀಟರಿಗೆ 20 ಸೆಂ.ಮೀ. ಎಂದಾದರೆ ಸ್ಟ್ಯಾಂಡು 95 ಸೆಂ.ಮೀ. ಇರಬೇಕು, ಮೂರಡಿಗೆ ಒಂದೂವರೆ ಅಂಗುಲ ಹೆಚ್ಚು. ಗ್ರಿಲ್ ಮಾಡುವ ಯಾವ ವೆಲ್ಡಿಂಗ್ ಅಂಗಡಿಯಲ್ಲಾದರೂ ಇದು ಅರ್ಧ ದಿನದ ಕೆಲಸ. ಮೂರು ಇಂಚಿನ ಸ್ಕ್ವೇರ್ ಪೈಪು, ಕೆಳಗೆ ಒಂದಡಿ ಚೌಕದ 8 ಮಿ.ಮೀ. ಪ್ಲೇಟು, ಮೇಲೆ ಸ್ಪೀಕರಿನ ತಳದ ಅಳತೆಯ ಪ್ಲೇಟು. ಒಂದು ಸ್ಟ್ಯಾಂಡಿಗೆ 11 ಕೆ.ಜಿ.ಯಷ್ಟು ಕಬ್ಬಿಣ, ಎರಡಕ್ಕೂ ಸೇರಿ 22. ಕೂಲಿ ಸೇರಿ ಕೆ.ಜಿ.ಗೆ 150 ರೂಪಾಯಿ ಎಂದು ಹಿಡಿದರೆ 3,300. ರೆಡ್ ಆಕ್ಸೈಡ್, ಕಪ್ಪು ಪೇಂಟು, ಅಡಿಗೆ ರಬ್ಬರ್ ಶೀಟು ಸೇರಿದರೆ ನಾಲ್ಕು ಸಾವಿರ. ಖಾಲಿ ಪೈಪು ಗಂಟೆಯಂತೆ ಮೊಳಗುತ್ತದೆ. ಬಿಸಿಲಲ್ಲಿ ಚೆನ್ನಾಗಿ ಒಣಗಿಸಿದ ಎಂ-ಸ್ಯಾಂಡ್ ತುಂಬಿಸಿದರೆ ಅದು ಅಡಗುತ್ತದೆ, ಪ್ರತಿ ಕಂಬಕ್ಕೆ ಏಳು ಕೆ.ಜಿ. ಭಾರವೂ ಕೂಡುತ್ತದೆ. ಹಸಿ ಮರಳು ತುಂಬಿದರೆ ಒಳಗಿನಿಂದ ತುಕ್ಕು ಹಿಡಿಯುತ್ತದೆ. ಎರಡು ಮೂರು ಪಟ್ಟು ಬೆಲೆಯ ಆಮದು ಸ್ಟ್ಯಾಂಡು ಇದರ ಮೇಲೆ ಕೊಡುವುದು ನುಣುಪಾದ ಅಂಚು, ಎತ್ತರ ಹೆಚ್ಚುಕಡಿಮೆ ಮಾಡುವ ತಿರುಪು, ಬೇಕಾದಾಗ ಮಾರಲು ಒಂದು ಹೆಸರು. ಹಲವರು ಹಲವು ಕುರ್ಚಿಗಳಲ್ಲಿ ಕೂತು ಕೆಲಸ ಮಾಡುವ ಸ್ಟುಡಿಯೋಗೆ ಆ ತಿರುಪು ಬೇಕು. ಒಬ್ಬರೇ, ಒಂದೇ ಕುರ್ಚಿಯಲ್ಲಿ ಕೂರುವ ಕೋಣೆಗೆ ಬೇಡ.

ಫೋಮ್ ಪ್ಯಾಡ್ ಸಾಲದೇ ಎನ್ನುವವರಿದ್ದಾರೆ. ಅದು ಮೇಜಿನ ನಡುಕವನ್ನು ತಗ್ಗಿಸುತ್ತದೆ, ಗಾಳಿಯಲ್ಲಿ ಹೋಗಿ ಮೇಜಿಗೆ ಬಡಿಯುವ ಶಬ್ದವನ್ನು ಮುಟ್ಟುವುದೂ ಇಲ್ಲ. ಗೋಡೆಗೆ ಬ್ರಾಕೆಟ್ ಹೊಡೆಯಬಹುದಲ್ಲ ಎಂಬುದು ಸ್ವಂತ ಮನೆಯವರಿಗೆ ಒಳ್ಳೆಯ ಸಲಹೆ. ಬಾಡಿಗೆ ಮನೆಯಲ್ಲಿ ಪ್ರತಿ ತೂತೂ ಮನೆ ಬಿಡುವ ದಿನ ಅಡ್ವಾನ್ಸಿನಲ್ಲಿ ಕಡಿತವಾಗುತ್ತದೆ. ಸ್ಟ್ಯಾಂಡಿನ ಕೆಳಗೆ ಚೂಪು ಮೊಳೆ ಹಾಕಿಸುವ ಫ್ಯಾಷನ್ನೂ ಹಾಗೆಯೇ, ಟೈಲ್ಸಿಗೆ ಗೀರು ಬೀಳುತ್ತದೆ, ರಬ್ಬರೇ ಸಾಕು. ಇನ್ನು ‘ನೋ ಕಾಸ್ಟ್ ಇಎಂಐ’ ಎಂಬ ಆಮಿಷ. ಕ್ರೆಡಿಟ್ ಕಾರ್ಡಿನ ಶೂನ್ಯ ಬಡ್ಡಿ ಯೋಜನೆಗಳಲ್ಲಿ ಬಡ್ಡಿ ಬೇರೆ ಹೆಸರಿನಲ್ಲಿ ಅಡಗಿರುತ್ತದೆ ಎಂದು ರಿಸರ್ವ್ ಬ್ಯಾಂಕ್ 2013ರಲ್ಲೇ ಬ್ಯಾಂಕುಗಳನ್ನು ತಡೆದಿತ್ತು. ಇಂದಿನ ರೂಪದಲ್ಲೂ ಬಡ್ಡಿಯಷ್ಟು ಮೊತ್ತವನ್ನು ರಿಯಾಯಿತಿ ಎಂದು ತೋರಿಸಿ, ಆ ಬಡ್ಡಿಯ ಮೇಲೆ 18% ಜಿಎಸ್‌ಟಿ ವಸೂಲಾಗುತ್ತದೆ. ನಾಲ್ಕು ಸಾವಿರದ ವಸ್ತುವಿಗೆ ಕಂತು ಬೇಕಾದರೆ ಎರಡು ತಿಂಗಳು ಕಾಯುವುದೇ ಅಗ್ಗ.

ಮೊದಲು ಕೋಣೆಗೇ ರಾಕ್‌ವೂಲ್ ಪ್ಯಾನೆಲ್ ಹಾಕಿಸಬೇಕು, ಸ್ಟ್ಯಾಂಡ್ ಆಮೇಲೆ ಎನ್ನುವ ಆಕ್ಷೇಪಣೆಗೆ ನಾನು ಬೆಲೆ ಕೊಡುತ್ತೇನೆ. ದೊಡ್ಡ ಕೋಣೆಗೆ ಅದು ನಿಜವಿರಬಹುದು. ಚಿಕ್ಕ ಕೋಣೆಯಲ್ಲಿ ಸ್ಪೀಕರಿನ ಜಾಗ ತೀರ್ಮಾನವಾಗದೆ ಪ್ಯಾನೆಲನ್ನು ಎಲ್ಲಿ ಹಾಕಬೇಕೆಂದೇ ತಿಳಿಯುವುದಿಲ್ಲ. ಈ ವಾದವನ್ನು ಯಾರೂ ನಂಬಿಕೆಯ ಮೇಲೆ ಒಪ್ಪಬೇಕಿಲ್ಲ, ಪರೀಕ್ಷೆಗೆ ಖರ್ಚಿಲ್ಲ. ಮನೆಯಲ್ಲಿರುವ ಎರಡು ಗಟ್ಟಿ ಸ್ಟೂಲುಗಳ ಮೇಲೆ ದಪ್ಪ ಪುಸ್ತಕ ಪೇರಿಸಿ, 95 ಸೆಂ.ಮೀ. ಎತ್ತರಕ್ಕೆ ತಂದು, ಚಿಕ್ಕ ಮೇಜು ಹಾಕಿಕೊಂಡು, ಚೆನ್ನಾಗಿ ಗೊತ್ತಿರುವ ಹತ್ತು ರೆಕಾರ್ಡಿಂಗುಗಳನ್ನು ಒಂದು ವಾರ ಕೇಳಿ. ‘ರೂಮ್ ಇಕ್ಯೂ ವಿಝಾರ್ಡ್’ ಎಂಬ, ಶಬ್ದ ಅಳೆದು ಗೆರೆ ಎಳೆದು ತೋರಿಸುವ ಸಾಫ್ಟ್‌ವೇರ್ ಉಚಿತವಾಗಿ ಸಿಗುತ್ತದೆ. ಮೈಕ್ ಇದ್ದರೆ ಮೇಜಿನ ಮೇಲಿನ ಗೆರೆಯನ್ನೂ ಸ್ಟೂಲಿನ ಮೇಲಿನ ಗೆರೆಯನ್ನೂ ಅಕ್ಕಪಕ್ಕ ಇಟ್ಟು ನೋಡಿ. ಎರಡೂ ಒಂದೇ ರೀತಿ ಕಂಡರೆ, ಕಿವಿಗೂ ಒಂದೇ ರೀತಿ ಕೇಳಿಸಿದರೆ, ವೆಲ್ಡಿಂಗ್ ಅಂಗಡಿಗೆ ಹೋಗಬೇಡಿ, ಆ ನಾಲ್ಕು ಸಾವಿರ ರಾಕ್‌ವೂಲಿಗೇ ಹೋಗಲಿ.