ಝಿಕಾ ಭಯ: ಮಗು ಮುಂದೂಡಬೇಕೆ?

ಪ್ರಶ್ನೆ: ಡಾಕ್ಟರೇ, ಮದುವೆಯಾಗಿ ಒಂದು ವರ್ಷವಾಯಿತು. ಮಗು ಬೇಕೆಂದುಕೊಂಡಿರುವಾಗಲೇ ಪಕ್ಕದ ಬಡಾವಣೆಯಲ್ಲಿ ಝಿಕಾ ಪತ್ತೆಯಾಗಿದೆ. ಸದ್ಯಕ್ಕೆ ಬಸಿರಾಗಬೇಡ, ನಿರೋಧ್ ಬಳಸಿ ಎನ್ನುತ್ತಾರೆ. ಸೊಳ್ಳೆಯಿಂದ ಬರುವ ಕಾಯಿಲೆಗೆ ನಿರೋಧ್ ಯಾಕೆ? ನಮಗೆ ಯಾವ ವಿಧಾನ ಸರಿ? ಮೆಡಿಕಲ್ ಶಾಪಿನಲ್ಲಿ ಕೇಳಲು ಸಂಕೋಚ.
– ಹೆಸರು ಬೇಡ, ಆನೇಕಲ್ ತಾಲ್ಲೂಕು

ಉತ್ತರ: ಡೆಂಗಿ ಹರಡುವ ಈಡಿಸ್ ಸೊಳ್ಳೆಯೇ ಝಿಕಾವನ್ನೂ ಹರಡುತ್ತದೆ. ಆದರೆ ಈ ವೈರಸ್ ವೀರ್ಯದಲ್ಲೂ ಕೆಲಕಾಲ ಉಳಿದು, ಲೈಂಗಿಕ ಸಂಪರ್ಕದಿಂದ ದಾಟಬಲ್ಲದು. ಸೋಂಕು ತಗುಲಿದ ಹೆಚ್ಚಿನವರಿಗೆ ಜ್ವರವೂ ಇರುವುದಿಲ್ಲ. ಗರ್ಭಿಣಿಗೆ ತಗುಲಿದರೆ ಮಗುವಿನ ಮೆದುಳಿನ ಬೆಳವಣಿಗೆ ಕುಂಠಿತವಾಗಿ ತಲೆ ಚಿಕ್ಕದಾಗಬಹುದು. ಸೋಂಕಿತ ತಾಯಂದಿರ ಮಕ್ಕಳಲ್ಲಿ ನೂರಕ್ಕೆ 5ರಿಂದ 15 ಮಂದಿಗೆ ಇಂಥ ತೊಂದರೆಗಳು ಕಾಣುತ್ತವೆ. ಉಳಿದವರು ಆರೋಗ್ಯವಾಗಿಯೇ ಹುಟ್ಟುತ್ತಾರೆ.

ಪಕ್ಕದ ಬಡಾವಣೆಯಲ್ಲಿ ಒಂದು ಪ್ರಕರಣ ಕಂಡಿತೆಂದು ವರ್ಷಗಟ್ಟಲೆ ಕಾಯಬೇಕಿಲ್ಲ. ನಿಮ್ಮ ಯಜಮಾನರಿಗೆ ಸೋಂಕು ತಗುಲಿದ್ದರೆ 3 ತಿಂಗಳು, ನಿಮಗೆ ತಗುಲಿದ್ದರೆ 2 ತಿಂಗಳು ಕಾಯಿರಿ. ಸೋಂಕು ಹರಡುತ್ತಲೇ ಇದ್ದರೆ ಎಷ್ಟು ಕಾಯಬೇಕೆಂಬುದನ್ನು ವೈದ್ಯರೊಂದಿಗೆ ಮಾತನಾಡಿ ನೀವಿಬ್ಬರೇ ತೀರ್ಮಾನಿಸಿ.

ಕೆಲವೇ ತಿಂಗಳ ಮಾತಾದರೆ ನಿರೋಧ್ ಜೊತೆಗೆ ಮಾಲಾ-ಎನ್ ಅಥವಾ ಛಾಯಾ ಮಾತ್ರೆ ಸಾಕು. ಮಾಲಾ-ಎನ್ ದಿನಕ್ಕೊಂದು. ಛಾಯಾ ಮೊದಲ 3 ತಿಂಗಳು ವಾರಕ್ಕೆರಡು, ಆಮೇಲೆ ವಾರಕ್ಕೊಂದು. ರಕ್ತದೊತ್ತಡ, ಮೈಗ್ರೇನ್ ಇದ್ದರೆ ಮೊದಲೇ ತಿಳಿಸಿ. ವಂಕಿ, ಅಂದರೆ ಕಾಪರ್-ಟಿ, ತೆಗೆಸಿದೊಡನೆ ಗರ್ಭ ನಿಲ್ಲಬಹುದು. 3 ತಿಂಗಳಿಗೊಮ್ಮೆ ಕೊಡುವ ಅಂತರಾ ಚುಚ್ಚುಮದ್ದು ನಿಲ್ಲಿಸಿದ ಮೇಲೆ ಗರ್ಭ ನಿಲ್ಲಲು ತಿಂಗಳುಗಳೇ ಹಿಡಿಯಬಹುದು, ಬೇಗ ಮಗು ಬೇಕೆನ್ನುವವರಿಗೆ ಅದು ಬೇಡ. ಮಾತ್ರೆ, ವಂಕಿ, ಚುಚ್ಚುಮದ್ದು ಯಾವುದೂ ವೈರಸ್ಸನ್ನು ತಡೆಯುವುದಿಲ್ಲ. ಆದ್ದರಿಂದ ನಿರೋಧ್ ಬಿಡುವಂತಿಲ್ಲ.

ಅಂಗಡಿಗೆ ಹೋಗಬೇಕೆಂದೇನಿಲ್ಲ. ಆಶಾ ಕಾರ್ಯಕರ್ತೆಯರ ಹತ್ತಿರ ನಿರೋಧ್, ಮಾತ್ರೆ ಸಿಗುತ್ತವೆ. ವಂಕಿಯನ್ನು ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತವಾಗಿ ಹಾಕುತ್ತಾರೆ. ನಿರೋಧ್ ಹರಿದರೆ 72 ಗಂಟೆಯೊಳಗೆ, ಎಷ್ಟು ಬೇಗವಾದರೆ ಅಷ್ಟು ಒಳ್ಳೆಯದು, ತುರ್ತು ಮಾತ್ರೆ ನುಂಗಿ. ಅದು ದಿನನಿತ್ಯದ ಉಪಾಯವಲ್ಲ.

2016ರ ಜನವರಿಯಲ್ಲಿ ಝಿಕಾ ಹರಡುತ್ತಿದ್ದಾಗ ಎಲ್ ಸಾಲ್ವಡಾರ್ ಸರ್ಕಾರ 2018ರವರೆಗೆ ಬಸಿರಾಗಬೇಡಿ ಎಂದು ಹೆಂಗಸರಿಗೆ ಹೇಳಿತು. ಅಲ್ಲಿ ಗರ್ಭಪಾತ ಪೂರ್ತಿ ನಿಷಿದ್ಧ, ಬಡವರಿಗೆ ಗರ್ಭನಿರೋಧಕ ಸಿಗುವುದೂ ಕಷ್ಟ. ಅದೇ ವರ್ಷ ಪೋರ್ಟೊರಿಕೊದಲ್ಲಿ ಹೆಂಗಸರು ವೈದ್ಯರ ಬಳಿ ಹೋದ ದಿನವೇ ತಮಗೊಪ್ಪುವ ವಿಧಾನವನ್ನು ಉಚಿತವಾಗಿ ಪಡೆಯುವ ಯೋಜನೆ ಶುರುವಾಯಿತು, 20 ಸಾವಿರಕ್ಕೂ ಹೆಚ್ಚು ಮಂದಿ ಅದನ್ನು ಬಳಸಿಕೊಂಡರು. ಕೈಗೆ ಸಾಧನ ಕೊಡದೆ ಬರೀ ‘ಮುಂದೂಡಿ’ ಎನ್ನುವುದು ಹೆಣ್ಣಿನ ಮೇಲೆ ಹೊರೆ ಹೊರಿಸುವ ಮಾತು.

ಪ್ರಶ್ನೆ: ನನಗೀಗ ನಾಲ್ಕು ತಿಂಗಳು. ಝಿಕಾ ಇರುವ ಊರಿನಲ್ಲಿ ಕೆಲಸ ಮಾಡುತ್ತಿದ್ದ ಗಂಡ ಮನೆಗೆ ಬಂದಿದ್ದಾರೆ. ಅವರಿಗೆ ಜ್ವರವೇನೂ ಇಲ್ಲ. ಏನು ಮಾಡಲಿ?
– ಒಬ್ಬ ಗರ್ಭಿಣಿ, ರಾಯಚೂರು

ಉತ್ತರ: ಜ್ವರವಿಲ್ಲವೆಂದು ಮೈಮರೆಯಬೇಡಿ. ಹೆರಿಗೆಯವರೆಗೂ ಪ್ರತಿಸಲ ನಿರೋಧ್ ಬಳಸಲಿ, ಇಲ್ಲವೇ ದೂರವಿರಿ. ಅವರು ಬಂದ ವಿಷಯವನ್ನು ತಪಾಸಣೆಯಲ್ಲಿ ಹೇಳಿ, ಬೇಕಾದರೆ ರಕ್ತ, ಮೂತ್ರದ ಪರೀಕ್ಷೆ ಮತ್ತು ಸ್ಕ್ಯಾನಿಂಗ್ ಮಾಡಿಸುತ್ತಾರೆ. ಈಡಿಸ್ ಕಚ್ಚುವುದು ಹಗಲಲ್ಲಿ, ಮಧ್ಯಾಹ್ನ ಮಲಗುವಾಗಲೂ ಪರದೆ ಕಟ್ಟಿ. ತೊಟ್ಟಿ, ಡ್ರಮ್‌ಗಳನ್ನು ವಾರಕ್ಕೊಮ್ಮೆ ಖಾಲಿ ಮಾಡಿ ಉಜ್ಜುವ ಕೆಲಸವನ್ನು ನಿಮ್ಮವರಿಗೇ ವಹಿಸಿ.