ಸಾಲದ ಚರಿತ್ರೆ: ದೋಷದ ಮೂಲ ಮತ್ತು ದುರಸ್ತಿ

ಏಕಮಾಲೀಕತ್ವದ ವ್ಯಾಪಾರಕ್ಕೆ ಸಾಲ ಕೋರಿದಾಗ ಬ್ಯಾಂಕುಗಳು ಮಾಲೀಕರ ವೈಯಕ್ತಿಕ ಸಾಲದ ಚರಿತ್ರೆಯನ್ನೂ ಪರಿಶೀಲಿಸುತ್ತವೆ. ಸಿಬಿಲ್ ಅಂಕವು 300ರಿಂದ 900ರವರೆಗಿನ ಶ್ರೇಣಿಯದು. ಅದು ಕುಸಿದಿದ್ದಲ್ಲಿ ಕಾರಣವನ್ನು ಪೂರ್ಣ ವರದಿಯಲ್ಲಿ ಹುಡುಕಬೇಕು. ತಾವು ಪಡೆಯದ ಸಾಲವೂ ಅಲ್ಲಿರಬಹುದು. ಸಹವರ್ತಕನಿಗೆ ನೀಡಿದ ಜಾಮೀನು ಜಾಮೀನುದಾರನ ವರದಿಯಲ್ಲಿಯೂ ದಾಖಲಾಗುತ್ತದೆ. ಆತ ಸುಸ್ತಿದಾರನಾದರೆ ಪೆಟ್ಟು ಇಬ್ಬರಿಗೂ. ದಾಕ್ಷಿಣ್ಯಕ್ಕೆ ಸಹಿ ಹಾಕುವವರು ಇದನ್ನು ಗಮನಿಸುವುದು ವಿರಳ.

ಬಾಕಿಯ ಒಂದು ಭಾಗವನ್ನಷ್ಟೇ ಕಟ್ಟಿ ರಾಜಿ ಮಾಡಿಕೊಂಡ ಖಾತೆ ‘ಸೆಟಲ್ಡ್’ ಎಂದು ನಮೂದಾಗುತ್ತದೆ, ‘ಕ್ಲೋಸ್ಡ್’ ಎಂದಲ್ಲ. ಮುಂದಿನ ಸಾಲದಾತನಿಗೆ ಇದು ಶಂಕೆಯ ಗುರುತು. ಸಾಧ್ಯವಾದಲ್ಲಿ ಉಳಿದ ಮೊತ್ತವನ್ನೂ ತೀರಿಸಿ, ಬೇಬಾಕಿ ಪತ್ರ ಪಡೆದು, ನಮೂದನ್ನು ಬದಲಿಸುವಂತೆ ಬ್ಯಾಂಕನ್ನು ಲಿಖಿತವಾಗಿ ಕೋರುವುದು ಲೇಸು. ನೈಜ ಸುಸ್ತಿಯನ್ನು ಹಣ ಪಡೆದು ಅಳಿಸಿಕೊಡುವೆವೆನ್ನುವ ಮಧ್ಯವರ್ತಿಗಳನ್ನು ನಂಬತಕ್ಕದ್ದಲ್ಲ.

ತಪ್ಪು ನಮೂದಿನ ವಿಷಯ ಬೇರೆ. ಅದನ್ನು ತಿದ್ದಿಸುವ ಹಕ್ಕನ್ನು 2005ರ ಸಾಲ ಮಾಹಿತಿ ಕಂಪನಿಗಳ ಕಾಯ್ದೆ ನೀಡಿದೆ. ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಹೈಮಾರ್ಕ್ ಈ ನಾಲ್ಕೂ ಕಂಪನಿಗಳು ವರ್ಷಕ್ಕೊಮ್ಮೆ ಪೂರ್ಣ ವರದಿಯನ್ನು ಉಚಿತವಾಗಿ ಒದಗಿಸಬೇಕು. ದೂರು 30 ದಿನಗಳೊಳಗೆ ಇತ್ಯರ್ಥವಾಗದಿದ್ದರೆ, 2024ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ ರಿಸರ್ವ್ ಬ್ಯಾಂಕಿನ ನಿಯಮದಂತೆ ವಿಳಂಬದ ಪ್ರತಿ ದಿನಕ್ಕೆ 100 ರೂಪಾಯಿ ಪರಿಹಾರ ದೂರುದಾರನಿಗೆ ಸಲ್ಲತಕ್ಕದ್ದು.