ತೆಂಗಿನ ತೋಟದಲ್ಲಿ ಆಷಾಢಿ ಬೇರು ಮತ್ತು ಸ್ತ್ರೀಯರ ವ್ಯಾಧಿಗಳಿಗೆ ನಾಟಿ ಮದ್ದು

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ಬದುಕಿಗೆ ತೆಂಗೇ ಆಧಾರವೆಂಬುದು ಸರ್ವವಿದಿತವಾಗಿದೆ. ಇಂತಹ ತೋಟಗಳ ಬೇಲಿಯಲ್ಲಿಯೂ ಬದುಗಳಲ್ಲಿಯೂ ದೊರೆಯುವ ಬೇರು ಬಳ್ಳಿಗಳಿಂದ ಋತುದೋಷ, ಬಾಣಂತಿಯರ ಹಾಲಿನ ಕೊರತೆ, ಸಿಹಿಮೂತ್ರ ಮೊದಲಾದವುಗಳಿಗೆ ಮದ್ದು ಮಾಡುವ ಪದ್ಧತಿಯು ನಮ್ಮ ಹಳ್ಳಿಗಳಲ್ಲಿ ಬಹುಕಾಲದಿಂದ ಉಂಟು. ಜಮೀನುದಾರರು ಇವುಗಳ ಬೆಳೆಯನ್ನೂ ಗುಣವನ್ನೂ ಮಿತಿಯನ್ನೂ ತಿಳಿದಿರುವುದು ಯುಕ್ತ.

ಇವುಗಳಲ್ಲಿ ಮುಖ್ಯವಾದುದು ಶತಾವರಿ. ಇದನ್ನು ಆಷಾಢಿ ಬೇರು, ಹಲವು ಮಕ್ಕಳ ತಾಯಿ ಬೇರು ಎಂದೂ ಕರೆಯುತ್ತಾರೆ. ಸೂಜಿಯಂತಹ ಎಲೆಗಳೂ ಮುಳ್ಳುಗಳೂ ಇರುವ ಈ ಬಳ್ಳಿಯ ಬುಡದಲ್ಲಿ ಬೆರಳಿನಂತಹ ಗೆಡ್ಡೆಗಳು ಗೊಂಚಲಾಗಿ ಇಳಿದಿರುತ್ತವೆ. ಔಷಧವಿರುವುದು ಬೇರಿನಲ್ಲಿಯೇ ಆದುದರಿಂದ, ಕಾಡಿನಲ್ಲಿ ಬುಡಸಮೇತ ಅಗೆದರೆ ಗಿಡವೇ ನಾಶವಾಗುವುದು. ಆದಕಾರಣ ತೋಟದಲ್ಲಿ ಬೆಳೆಯುವುದೇ ಮೇಲು.

ತೆಂಗಿನ ಬೇರುಗಳು ಹೆಚ್ಚಾಗಿ ಬುಡದಿಂದ 6 ಅಡಿಯೊಳಗೆ ಹರಡಿರುವುವು. ಅಷ್ಟು ಜಾಗವನ್ನು ಬಿಟ್ಟು ಸಾಲುಗಳ ನಡುವೆ ಏರುಮಡಿ ಮಾಡಿ, ಮುಂಗಾರಿನಲ್ಲಿ ಸುಮಾರು 2 ಅಡಿ ಅಂತರದಲ್ಲಿ ಸಸಿ ನೆಡತಕ್ಕದ್ದು. 25 ವರ್ಷ ಮೀರಿದ ತೋಟಗಳಲ್ಲಿ ಬಿಸಿಲು ಕೆಳಕ್ಕೆ ಚೆನ್ನಾಗಿ ಇಳಿಯುವುದರಿಂದ ಅವೇ ಇದಕ್ಕೆ ಅನುಕೂಲ. ನೀರು ನಿಂತರೆ ಗೆಡ್ಡೆ ಕೊಳೆಯುವುದು. ಒಂದೂವರೆ ಎರಡು ವರ್ಷವಾದ ಮೇಲೆ, ಬಳ್ಳಿ ಹಳದಿ ತಿರುಗಿದಾಗ ಅಗೆದು, ಸಿಪ್ಪೆ ಸುಲಿದು ನೆರಳಿನಲ್ಲಿ ಒಣಗಿಸಬೇಕು. ಕೊಬ್ಬರಿಗಾದರೆ ತಿಪಟೂರಿನ ಮಾರುಕಟ್ಟೆ ಕೈಗೆಟುಕುವಷ್ಟು ಹತ್ತಿರವಿದೆ. ಈ ಬೇರಿಗೆ ಹಾಗಿಲ್ಲ. ನೆಡುವುದಕ್ಕೆ ಮುಂಚೆಯೇ ಕೊಳ್ಳುವವರನ್ನು ಗೊತ್ತುಮಾಡಿಕೊಳ್ಳತಕ್ಕದ್ದು.

ಹೊಂಬಾಳೆಯೂ ಮದ್ದಿಗೆ ಬರುತ್ತದೆ. ಕೇರಳದಲ್ಲಿ ಅದರ ಲೇಹ್ಯವನ್ನು ಬಾಣಂತಿಯರಿಗೆ ಕೊಡುವ ರೂಢಿಯುಂಟು. ಆದರೆ ಒಂದು ಹೊಂಬಾಳೆ ಕೊಯ್ದರೆ ಒಂದು ಗೊನೆ ಹೋದಂತೆಯೇ ಸರಿ. ಮರವೊಂದು ವರ್ಷಕ್ಕೆ ಬಿಡುವುದೇ ಸುಮಾರು 12.

ಅತಿಸ್ರಾವಕ್ಕೆ ಬಳಸುವ ಅಶೋಕದ ಚಕ್ಕೆಯಲ್ಲಿ ಮೋಸ ಹೆಚ್ಚು. ಶಾಲೆ ಕಚೇರಿಗಳ ಮುಂದೆ ಕಂಬದಂತೆ ನೆಟ್ಟಗೆ ಬೆಳೆಯುವ ಮರವನ್ನು ಜನರು ಅಶೋಕವೆನ್ನುವರು. ಅದು ಬೇರೆಯೇ ಜಾತಿ. ನಿಜವಾದ ಅಶೋಕವು ಕಿತ್ತಳೆ ಕೆಂಪಿನ ಹೂಗೊಂಚಲು ಬಿಡುವುದು. ಸುತ್ತಲೂ ಚಕ್ಕೆ ಸುಲಿದರೆ ಮರವು ಸಾಯುವುದು.

ಇನ್ನು ಗುಣದ ವಿಚಾರ. ಋತುಕ್ರಮ ತಪ್ಪುವುದು, ಮೈ ಸ್ಥೂಲವಾಗುವುದು, ಮುಖದಲ್ಲಿ ರೋಮ ಬೆಳೆಯುವುದು, ಇವು ಒಟ್ಟಿಗೆ ಕಂಡುಬರುವ ಅಂಡಾಶಯದ ವ್ಯಾಧಿಯನ್ನು 1935ರಲ್ಲಿ ಅಮೆರಿಕದ ಸ್ಟೈನ್ ಮತ್ತು ಲೆವೆಂಥಾಲ್ ಎಂಬ ವೈದ್ಯರು ವಿವರಿಸಿದರು. ನಿರ್ನಾಳ ಗ್ರಂಥಿಗಳ ರಸಗಳು ಏರುಪೇರಾಗುವುದೇ ಇದರ ಲಕ್ಷಣ. ಶತಾವರಿಯು ಇದನ್ನು ವಾಸಿಮಾಡುವುದೆಂದು ಹೇಳಲು ತಕ್ಕಷ್ಟು ಪ್ರಮಾಣವಿಲ್ಲ. ಮನುಷ್ಯರಲ್ಲಿ ನಡೆದ ಪರೀಕ್ಷೆಗಳು ಚಿಕ್ಕವು. ಮೆಂತ್ಯದ ನಾರು ಸಕ್ಕರೆಯು ರಕ್ತಕ್ಕೆ ಸೇರುವುದನ್ನು ನಿಧಾನಮಾಡುತ್ತದೆ. ಮಧುನಾಶಿನಿಯ ಎಲೆಯನ್ನು ಅಗಿದರೆ ನಾಲಗೆಗೆ ಸಿಹಿಯೇ ತಿಳಿಯದು. ಅಷ್ಟರಿಂದಲೇ ಸಿಹಿಮೂತ್ರ ಗುಣವಾಯಿತೆಂದು ನಂಬುವುದು ತಪ್ಪು. ಹಾಗೆಂದು ಗಿಡಮೂಲಿಕೆಗಳನ್ನು ಹಳಿಯುವುದೂ ಸಲ್ಲದು. ಯೂರೋಪಿನ ಗಲೀಗವೆಂಬ ಗಿಡದ ಸತ್ವದ ಜಾಡು ಹಿಡಿದೇ ಮೆಟ್ಫಾರ್ಮಿನ್ ಎಂಬ ಮಾತ್ರೆ ಬಂದಿತು. 1957ರಲ್ಲಿ ಫ್ರಾನ್ಸಿನ ಸ್ಟೆರ್ನ್ ಎಂಬ ವೈದ್ಯರು ಅದನ್ನು ಸಿಹಿಮೂತ್ರಕ್ಕೆ ಕೊಟ್ಟ ಫಲವನ್ನು ಪ್ರಕಟಿಸಿದರು. ಆ ಗಿಡವನ್ನೇ ತಿಂದ ದನಕುರಿಗಳು ಸತ್ತುದೂ ಉಂಟು.

ಗರ್ಭಿಣಿಯರಿಗೆ ಮೆಂತ್ಯವನ್ನು ಅಡಿಗೆಯ ಪ್ರಮಾಣಕ್ಕೆ ಮೀರಿ ಕೊಡಬಾರದು. ಸಿಹಿಮೂತ್ರದ ಮಾತ್ರೆ ನುಂಗುವವರು ಜೊತೆಗೆ ಮೆಂತ್ಯವನ್ನೋ ಮಧುನಾಶಿನಿಯನ್ನೋ ಮದ್ದಾಗಿ ಸೇವಿಸಿದರೆ ರಕ್ತದ ಸಕ್ಕರೆ ಅಪಾಯಕರವಾಗಿ ಇಳಿಯಬಹುದು. ಅಮೃತಬಳ್ಳಿಯ ಕಷಾಯ ಕುಡಿದ ಕೆಲವರಲ್ಲಿ ಯಕೃತ್ತು ಕೆಟ್ಟುದನ್ನು ಮುಂಬಯಿಯ ವೈದ್ಯರು 2021ರಲ್ಲಿ ವರದಿಮಾಡಿರುವರು.

ಎಲ್ಲಕ್ಕಿಂತ ಕೇಡಿನದು ಕಾಲಹರಣ. ಮುಟ್ಟು ನಿಂತು ವರ್ಷ ಕಳೆದ ಮೇಲೆ ಮತ್ತೆ ರಕ್ತ ಕಂಡರೆ ಅದು ಗರ್ಭಕೋಶದ ಹುಣ್ಣಿನ, ಅಂದರೆ ಕ್ಯಾನ್ಸರಿನ ಸೂಚನೆಯಾಗಿರಬಹುದು. ಹೆಂಗಸರು ನಾಚಿಕೆಯಿಂದ ಹೇಳದೆ ತಿಂಗಳುಗಟ್ಟಲೆ ಕಷಾಯ ಕುಡಿದು ಕುಳಿತಿರುವಷ್ಟರಲ್ಲಿ ವ್ಯಾಧಿಯು ಬಲಿಯುವುದು. ಇಂತಹ ಸಂಗತಿ ಕಿವಿಗೆ ಬಿದ್ದೊಡನೆ ಮನೆಯ ಯಜಮಾನರು ಕೊಬ್ಬರಿ ಮಾರಾಟವಾಗಲೆಂದು ಕಾಯದೆ ಆಕೆಯನ್ನು ವೈದ್ಯರ ಬಳಿಗೆ ಕರೆದೊಯ್ಯತಕ್ಕದ್ದು. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ, ಈ ಮೂರು ಊರುಗಳಲ್ಲಿಯೂ ಸರ್ಕಾರದ ಆಸ್ಪತ್ರೆಗಳಿವೆ.